ಹಸೆಗೆ ಕರೆದ ಡಬ್ಬಿ

ಮೆಮೊರಿ ಕಾರ್ಡು ಒಳಗೇ ಸಿಕ್ಕಿಕೊಳ್ಳಬಹುದಿತ್ತು. ಚಾರ್ಜು ಮುಗಿದು ಹಾಡಿನ ಡಬ್ಬಿ ಅರ್ಧ ಹಾಡಿಗೆ ಕಣ್ಣು ಮುಚ್ಚಬಹುದಿತ್ತು. ಅರಿಶಿನದ ಹಾಡು ಬರಬೇಕಾದ ಕಡೆ ಹೆಣ್ಣು ಒಪ್ಪಿಸುವ ಹಾಡು ಬಂದು, ಮದುವೆಗೆ ಮೊದಲೇ ಎಲ್ಲರೂ ಅತ್ತುಬಿಡಬಹುದಿತ್ತು. ಯಾರದೋ ಬೆರಳು ತಾಗಿ ಎಫ್‌ಎಂ ಹತ್ತಿಕೊಂಡು, ಚಪ್ಪರದ ಕೆಳಗೆ ಮೂಲವ್ಯಾಧಿಯ ಜಾಹೀರಾತು ಮೊಳಗಬಹುದಿತ್ತು. ಡಬ್ಬಿ ಎಣ್ಣೆ ಬಟ್ಟಲಿಗೆ ಬೀಳಬಹುದಿತ್ತು. ಅದಕ್ಕೂ ಮೊದಲು, ಹಳೇ ಕ್ಯಾಸೆಟ್ಟು ಸ್ಟುಡಿಯೊದವರ ಯಂತ್ರಕ್ಕೆ ಸುತ್ತಿಕೊಂಡು ಹರಿದು, ಅತ್ತೆಯ ದನಿ ಈ ಲೋಕದಲ್ಲಿ ಎಲ್ಲೂ ಇಲ್ಲದಂತಾಗಬಹುದಿತ್ತು. ಇಷ್ಟನ್ನೂ ನಾನು ಮದುವೆಗೆ ತಿಂಗಳಿರುವಾಗಲೇ ಒಂದೊಂದಾಗಿ ಯೋಚಿಸಿ ಮುಗಿಸಿದ್ದೆ.

ನಮ್ಮ ಬಳಗದಲ್ಲಿ ಹಾಡು ತುಂಬಿಸುವವನು ನಾನು. ಯಾರೂ ನೇಮಿಸಿದ್ದಲ್ಲ. ಕೆರಗೋಡಿನ ಚಿಕ್ಕಪ್ಪ ಗದ್ದೆ ಬದುವಿನ ಮೇಲೆ ಇಟ್ಟುಕೊಳ್ಳಲು ಒಂದು ಪುಟ್ಟ ಪ್ಲೇಯರ್ ಕೊಂಡಾಗ, ಅದರ ಕಾರ್ಡಿಗೆ ಒಮ್ಮೆ ಹಾಡು ಹಾಕಿಕೊಟ್ಟೆ. ಅಲ್ಲಿಗೆ ಸಿಕ್ಕಿಬಿದ್ದೆ. ನಾನಿರುವ ಮಂಡ್ಯಕ್ಕೆ ಆಸ್ಪತ್ರೆಗೆಂದೋ ಕೋರ್ಟಿಗೆಂದೋ ಬಂದವರು ಎಲೆಅಡಿಕೆ ಚೀಲದಿಂದ ಉಗುರಿನಷ್ಟಗಲದ ಕಾರ್ಡು ತೆಗೆದು, ಸುಣ್ಣ ಒರೆಸಿ, ನನ್ನ ಕೈಗಿಟ್ಟು, "ಒಳ್ಳೊಳ್ಳೇವು ಆಕು" ಎನ್ನುತ್ತಾರೆ. ಯಾವುವು ಎಂದು ಕೇಳಿದರೆ, "ನಿಂಗೇ ಗೊತ್ತಲ್ಲ" ಎನ್ನುತ್ತಾರೆ. ನನಗೇನೂ ಗೊತ್ತಿಲ್ಲ. ಕಾರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಮೊದಲು ಈಗಲೂ ಎರಡು ಸಲ ತಿರುಗಿಸಿ ನೋಡುತ್ತೇನೆ.

ಆದರೆ ಅತ್ತೆಯ ಕೆಲಸ ಬೇರೆ ಥರದ್ದು. ನನ್ನ ಈ ಸೋದರತ್ತೆ ಇರುವುದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ. ಸುತ್ತಲ ಊರುಗಳಲ್ಲಿ ಎಲ್ಲಿ ಮದುವೆಯಾದರೂ ಸೋಬಾನೆ ಹೇಳಲು ಅವರನ್ನೇ ಕರೆಯುತ್ತಿದ್ದರು. ಅವರು ಒಂದು ಸೊಲ್ಲು ಎತ್ತಿದರೆ ಹಿಂದೆ ಕೂತ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಮದುಮಗಳನ್ನು ಹೆಸರು ಹಿಡಿದು ಹಸೆಗೆ ಕರೆಯುವುದು, ಅವಳ ಅಪ್ಪನ ಊರು, ಗಂಡಿನ ಊರು ಎಲ್ಲವನ್ನೂ ಹಾಡಿನೊಳಗೆ ಅಲ್ಲೇ ಪೋಣಿಸುವುದು ಅವರ ಕೈಚಳಕ. ಮೈಕು ಕೊಡಲು ಹೋದರೆ, "ನಂಗ್ಯಾಕ್ಲಾ ಅದು, ನಾನೇನ್ ಓಟ್ ಕೇಳಾಕ್ ಬಂದಿದ್ದೀನಾ?" ಎನ್ನುತ್ತಿದ್ದರು.

ಹೋದ ವರ್ಷ ಅವರಿಗೆ ಗಂಟಲಿನ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೊತೆಗೆ ದನಿಯೂ ಹೋಯಿತು. ಈಗ ಮಾತಾಡಿದರೆ ಒಣಗಿದ ಕಬ್ಬಿನ ಸೋಗೆ ಎಳೆದ ಹಾಗೆ ಸದ್ದು. ಇದಿಷ್ಟೇ, ಇನ್ನು ಹಾಡುವ ಮಾತಿಲ್ಲ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿದ್ದವನು ನಾನೇ. ಅತ್ತೆ ಕೇಳಬೇಕಾದದ್ದನ್ನೆಲ್ಲ ನಾನೇ ಕೇಳಿ ಡಾಕ್ಟರನ್ನೂ ರೇಗಿಸಿದೆ.

ಅಷ್ಟರಲ್ಲಿ ಮೊಮ್ಮಗಳ ಮದುವೆ ಗೊತ್ತಾಯಿತು. ಅತ್ತೆಯ ಮಗಳನ್ನು ಮದ್ದೂರಿಗೆ ಕೊಟ್ಟಿದ್ದು, ಈ ಹುಡುಗಿ ಅವಳ ಮಗಳು. ಅತ್ತೆ ಬಸ್ಸು ಹತ್ತಿ ನೇರ ನಮ್ಮ ಮನೆಗೆ ಬಂದರು. ಸೆರಗಿನ ಗಂಟಿನಿಂದ ಒಂದು ಕ್ಯಾಸೆಟ್ಟು ತೆಗೆದರು. ಮಗಳ ಮದುವೆಯಲ್ಲಿ ಅತ್ತೆ ಹಾಡಿದ್ದನ್ನು ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು.

"ಇದ್ನ ಆ ಡಬ್ಬಿಗ್ ತುಂಬ್ಕೊಡ್ಲಾ. ನಿನ್ ಚಿಕ್ಕಪ್ಪನ್ ತಾವ ಐತಲ್ಲ, ಅಂಥದ್ದಕ್ಕೆ."

"ಯಾಕತ್ತೆ?"

"ಮೊಮ್ಮಗ್ಳು ಹಸೆ ಮ್ಯಾಲೆ ಕುಂತಾಗ ನನ್ ದನೀಲೇ ಸೋಬಾನೆ ಆಗ್ಬೇಕು. ಡಬ್ಬಿ ಮುಂದ್ ಹೇಳ್ತದೆ, ಹೆಂಗುಸ್ರು ಹಿಂದ್ ಹೇಳ್ತರೆ. ಇಲ್ದಿದ್ರೆ ಅಳೀಮಯ್ಯ ಸಿನಿಮಾ ಪದ ಆಕುಸ್ತೀನಿ ಅಂತ ಕುಂತವ್ರೆ. ಊರೋರ್ ಮಕ್ಕಳಿಗೆಲ್ಲ ಹೇಳ್ದೋಳು ನಾನು, ನನ್ ಮೊಮ್ಮಗ್ಳಿಗೆ ಇಲ್ವಾ?"

ಇಷ್ಟು ಹೇಳುವಷ್ಟರಲ್ಲಿ ಅವರು ಎರಡು ಸಲ ನೀರು ಕುಡಿದರು. ಆಗಲ್ಲ ಅನ್ನಲು ನನ್ನ ಬಳಿ ಕಾರಣಗಳು ಬೇಕಾದಷ್ಟಿದ್ದವು. ಆದರೂ ಕೈ ಚಾಚಿ ಕ್ಯಾಸೆಟ್ಟು ತೆಗೆದುಕೊಂಡೆ.

ಕ್ಯಾಸೆಟ್ಟನ್ನು ಮಂಡ್ಯದ ಒಂದು ಸ್ಟುಡಿಯೊಗೆ ಕೊಟ್ಟು, ಅವರು ಹಾಡುಗಳನ್ನು ಬಿಡಿಸಿ ಪೆನ್‌ಡ್ರೈವಿಗೆ ಹಾಕಿಕೊಡುವತನಕ ಹೆರಿಗೆ ವಾರ್ಡಿನ ಹೊರಗೆ ನಿಂತವನಂತೆ ಅಂಗಡಿ ಮುಂದೆಯೇ ನಿಂತಿದ್ದೆ. ಈ ಪ್ಲೇಯರ್‌ಗಳಿಗೆ ಒಂದು ಕೆಟ್ಟ ಬುದ್ಧಿಯಿದೆ: ನಾವು ಹಾಡಿಗೆ ಯಾವ ಅಂಕಿ ಕೊಟ್ಟರೂ ಕಾರ್ಡಿಗೆ ಯಾವುದು ಮೊದಲು ಬಿತ್ತೋ ಅದನ್ನೇ ಮೊದಲು ಹಾಡುತ್ತವೆ. ಅದಕ್ಕೇ ಶಾಸ್ತ್ರದ ಕ್ರಮದಲ್ಲಿ ಒಂದೊಂದೇ ಹಾಡು ಹಾಕಿದೆ. ಹಸೆಗೆ ಕರೆಯುವುದು, ಎಣ್ಣೆ, ಅರಿಶಿನ, ಬಳೆ. ಹಾಕಿದ ಮೇಲೆ ಅನುಮಾನ ಬಂದು ಎಲ್ಲ ಅಳಿಸಿ ಮತ್ತೆ ಹಾಕಿದೆ. ಹೆಂಡತಿ ನೋಡುವಷ್ಟು ನೋಡಿ, "ಮದುವೆ ಆಗೋ ಹುಡುಗೀನೇ ಇಷ್ಟು ಹೆದರಿಲ್ಲ" ಎಂದಳು.

ಆಮೇಲೆ ಅತ್ತೆಗೆ ಕಲಿಸಲು ಪೂರಿಗಾಲಿಗೆ ಹೋದೆ. ಶುರುಮಾಡುವ ಗುಂಡಿಯ ಮೇಲೆ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಪಕ್ಕದ ಗುಂಡಿಯನ್ನು ಒಮ್ಮೆ ಮುಟ್ಟಿ ಬಿಟ್ಟರೆ ಮುಂದಿನ ಹಾಡು. ಒತ್ತಿ ಹಿಡಿದರೆ ಸದ್ದು ಜಾಸ್ತಿ. ಅತ್ತೆಯದು ರಾಗಿ ಬೀಸಿದ ಕೈ, ಮುಟ್ಟಿ ಬಿಡುವುದು ಅದಕ್ಕೆ ಗೊತ್ತೇ ಇಲ್ಲ. ಪ್ರತಿಸಲವೂ ಡಬ್ಬಿ ಕಿರುಚಿ ಹಟ್ಟಿಯ ಹಸು ಎದ್ದು ನಿಲ್ಲುತ್ತಿತ್ತು.

"ಮೆತ್ತಗೆ ಅತ್ತೆ."

"ಇನ್ನೆಷ್ಟ್ ಮೆತ್ಗೆ ಒತ್ಲಿ, ಮಗೀನ್ ಕೆನ್ನೇನಾ ಇದು?"

"ಬುಡಿ, ಅವತ್ತು ನಾನೇ ಒತ್ತೀನಿ."

"ನೀನಾ? ಈಗ್ಲೇ ಬೆವರ್ತಿದ್ದೀಯೆ."

ಆಮೇಲೆ ಎಲ್ಲ ಹಾಡನ್ನೂ ಮೊದಲಿಂದ ಕೊನೆಯವರೆಗೆ ಇಬ್ಬರೂ ಕೂತು ಕೇಳಿದೆವು. ನಾನು ಕರಕರ ಸದ್ದು ಇದೆಯೇ, ಎಲ್ಲಾದರೂ ತುಂಡಾಗಿದೆಯೇ ಎಂದು ಕಿವಿ ನಿಮಿರಿಸಿ ಕೇಳಿದೆ. ಅತ್ತೆ ಕಣ್ಣು ಮುಚ್ಚಿಕೊಂಡು, ತುಟಿ ಅಲ್ಲಾಡಿಸುತ್ತಾ ಕೇಳಿದರು. ಕೊನೆಗೆ, "ಒಂದೂ ತಪ್ಪಿಲ್ಲ ಕಣ್ಲಾ" ಎಂದರು. ನಾನೂ ಹೌದು ಎಂದೆ.

ಚಪ್ಪರದ ದಿನ ಮದ್ದೂರಿನಲ್ಲಿ ನನ್ನ ಜೇಬಿನಲ್ಲಿ ಇನ್ನೊಂದು ಕಾರ್ಡು, ಚೀಲದಲ್ಲಿ ಇನ್ನೊಂದು ಡಬ್ಬಿ, ಚಾರ್ಜರ್, ಪವರ್ ಬ್ಯಾಂಕು. ಕರೆಂಟು ಹೋಗಲಿಲ್ಲ. ಹಸೆಮಣೆಯ ಪಕ್ಕ ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಿಂದೆ ಹೆಂಗಸರು ಕಿಸಿಕಿಸಿ ನಗುತ್ತಿದ್ದರು. "ಏನತ್ತೆಮ್ಮ, ಇಸ್ಪೀಕರ್ ನುಂಗ್ಬುಟ್ಟಿದ್ದೀರಾ?" ಎಂದಳೊಬ್ಬಳು. ನಾನು ಬಗ್ಗಿ ಬೊಟ್ಟಿನ ಮೇಲೆ ಬೆರಳಿಟ್ಟೆ.

ಡಬ್ಬಿ ಹಾಡಿತು. ಎಂಥ ದನಿ ಅದು! ನಗು ನಿಂತಿತು. ಹೆಂಗಸರು ತಮಗೇ ತಿಳಿಯದೆ ಸೊಲ್ಲು ಎತ್ತಿಕೊಂಡರು. ಮದುಮಗಳ ಅಪ್ಪ ಅಳೀಮಯ್ಯ ಕೂಡ ಫೋನು ಕೆಳಗಿಟ್ಟರು. ಸೋದರಮಾವ ಕೈಹಿಡಿದು ಕರೆತಂದಿದ್ದ ಮದುಮಗಳು ಚಪ್ಪರದ ಬಾಗಿಲಲ್ಲಿ, ಹಾಡು ತನ್ನ ಹೆಸರು ಕರೆಯಲಿ ಎಂದು ಕಾಯುತ್ತಾ ನಿಂತಳು. ಹೆಸರು ಹಿಡಿದು ಕರೆದ ಮೇಲೆಯೇ ಹಸೆಗೆ ಬರುವುದು ನಮ್ಮಲ್ಲಿ ಪದ್ಧತಿ.

ದನಿ ಏರಿ, ಎಳೆದು, ಹೆಸರು ಕರೆಯಿತು.

ಹಿತ್ತಲಿಂದ ಉತ್ತರ ಬಂತು: "ಆ, ಬಂದೆ ಕಣವ್ವಾ!"

ಅತ್ತೆಯ ಮಗಳು, ಅಂದರೆ ಮದುಮಗಳ ತಾಯಿ, ಸೌಟು ಹಿಡಿದು ಓಡಿಬಂದಳು. ಅವಳನ್ನು ಆ ದನಿ ಕರೆದು ವರ್ಷದ ಮೇಲಾಗಿತ್ತು. ಬಂದವಳು ಬಾಯಿ ಮುಚ್ಚಿಕೊಂಡು ಕೂತಿದ್ದ ತಾಯಿಯ ಮುಖ ನೋಡಿದಳು, ಡಬ್ಬಿ ನೋಡಿದಳು, ಸೌಟಿನಿಂದ ಸಾರು ತೊಟ್ಟಿಕ್ಕುತ್ತಿದ್ದರೂ ಹಾಗೇ ನಿಂತೇಬಿಟ್ಟಳು.

"ಅಯ್ಯೋ, ತಾಯಿಗೇ ಇನ್ನೊಂದ್ ದಪ ಮದ್ವೆನಾ?" ಎಂದು ಯಾರೋ ಅಂದರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಮದುಮಗಳು ಮಾತ್ರ ಬಾಗಿಲಲ್ಲೇ ಇದ್ದಳು. ಅವಳನ್ನು ಇನ್ನೂ ಯಾರೂ ಕರೆದಿರಲಿಲ್ಲ.

ಅತ್ತೆ ನನ್ನ ತೋಳು ಹಿಡಿದರು. "ಎಸ್ರು ಬದ್ಲಾಯ್ಸ್ಲಾ."

"ಆಗಲ್ಲ ಕಣತ್ತೆ. ಅದು ದನಿಯೊಳಗೇ ಐತೆ."

ಎರಡು ಡಬ್ಬಿ, ಎರಡು ಕಾರ್ಡು. ಎಲ್ಲದರಲ್ಲೂ ಅದೇ ಹೆಸರು. ಅತ್ತೆ ನನ್ನನ್ನು ಬಿಟ್ಟು, ಮೊಮ್ಮಗಳ ಕಡೆ ಕತ್ತು ಚಾಚಿ, ಸೋಗೆ ಎಳೆದಂಥ ಆ ಸದ್ದಿನಲ್ಲೇ ಅವಳ ಹೆಸರು ಕರೆದರು. ಮೊದಲ ಸಾಲಿನವರಿಗೂ ಸರಿಯಾಗಿ ಕೇಳಿಸಿರಲಾರದು. ಹುಡುಗಿ ಬಂದು ಕೂತಳು. ಆಮೇಲೆ ಡಬ್ಬಿ ಪ್ರತಿ ಸೊಲ್ಲಿಗೂ ತಾಯಿಯನ್ನೇ ಕರೆಯುತ್ತಾ ಹೋಯಿತು. ಅದರ ಬೆನ್ನಿಗೇ ಅತ್ತೆ ಮೊಮ್ಮಗಳನ್ನು ಕರೆಯುತ್ತಾ ಹೋದರು. ಹೆಂಗಸರು ಅತ್ತೆ ಕರೆದದ್ದನ್ನೇ ಎತ್ತಿಕೊಂಡರು.

ಚಾರ್ಜು ಕೊನೆಯವರೆಗೂ ಇತ್ತು. ಕ್ರಮ ತಪ್ಪಲಿಲ್ಲ, ಎಫ್‌ಎಂ ಹತ್ತಲಿಲ್ಲ, ಎಣ್ಣೆ ಬಟ್ಟಲು ಇದ್ದಲ್ಲೇ ಇತ್ತು. ಹೆಸರೊಂದು ಹಳೇದಾಗಿತ್ತು, ಅಷ್ಟೇ.