ಅಕ್ಕಿ ಇರಲಿ, ಪದ ಬೇಡ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಮ್ಮಮ್ಮ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಬಸ್ಸು ಹೊರಟ ಕೂಡಲೇ ಡ್ರೈವರು ಸಿನಿಮಾ ಹಾಡು ಹಾಕುತ್ತಿದ್ದ, ಅಮ್ಮ ಸೆರಗಿನ ತುದಿಯನ್ನು ಸುರುಳಿ ಸುತ್ತಿ ಎರಡೂ ಕಿವಿಗೆ ತುರುಕಿಕೊಳ್ಳುತ್ತಿದ್ದಳು. ಒಮ್ಮೆ ಕಂಡಕ್ಟರು ಟಿಕೆಟ್ ಕೊಡುತ್ತಾ, "ಯಾಕಕ್ಕೋ, ಕಿವಿ ನೋವಾ?" ಅಂದ. ಅಮ್ಮ "ಊಂ ಕಣಪ್ಪ" ಅಂದಳು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಪಾಪ ಅಂದುಕೊಂಡು, ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುವ ವಿಧಾನವನ್ನು ಊರು ಬರುವವರೆಗೆ ವಿವರಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಇಳಿದ ಮೇಲೆ, "ಸುಳ್ಳು ಹೇಳೋದು ಪಾಪ ಅಲ್ವೇನಮ್ಮ?" ಅಂದೆ. "ಅದ್ನ ರಾತ್ರಿ ಪ್ರಾರ್ಥ್ನೇಲಿ ಯೋಳ್ಕೋತೀನಿ ಬುಡು. ಸಿನ್ಮಾ ಆಡು ಕಿವಿಗೆ ಬಿದ್ರೆ ಎಲ್ಲಿ ತೊಳ್ಕಳದು?" ಅಂದಳು.

ಅವಳಿಗೆ ಅದನ್ನು ಕಲಿಸಿದ್ದು ನಮ್ಮ ಸಭೆಯ ಅಯ್ಯನವರು. ಹನೂರಿನ ಹತ್ತಿರ ಶೀಟ್ ಹೊದಿಸಿದ ಒಂದು ಉದ್ದನೆಯ ಕಟ್ಟಡ ನಮ್ಮ ಸಭೆ. ಅದರ ಪಾಸ್ಟರನ್ನು ಎಲ್ಲರೂ ಅಯ್ಯನವರು ಅಂತಲೇ ಕರೆಯುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮನಿಗೆ ದೊಡ್ಡ ಕಾಯಿಲೆಯಾಗಿ, ಅವರು ಬಂದು ಪ್ರಾರ್ಥನೆ ಮಾಡಿ, ಅಮ್ಮ ಎದ್ದು ಓಡಾಡುವಂತಾದ ಮೇಲೆ ನಾವು ಮನೆಯವರೆಲ್ಲ ದೀಕ್ಷಾಸ್ನಾನ ತೆಗೆದುಕೊಂಡೆವು. ಅದರ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟಿರುವುದು ದೇವರ ಪರವಾಗಿ ಮಾತಾಡಿದವರ ಮೇಲೆ.

ಯಾವ ಹಾಡು ಕೇಳಬಹುದು, ಯಾವುದು ಕೇಳಬಾರದು ಅನ್ನುವುದಕ್ಕೆ ಅಯ್ಯನವರು ಒಂದು ಪರೀಕ್ಷೆ ಕೊಟ್ಟಿದ್ದರು. "ಯೇಸುಸ್ವಾಮಿ ಬಂದು ನಿಮ್ಮ ಜಗಲಿ ಮೇಲೆ ಕೂತರೆ ಆ ಹಾಡನ್ನ ನಿಲ್ಲಿಸ್ತೀರೋ, ಹಾಗೇ ಬಿಡ್ತೀರೋ? ನಿಲ್ಲಿಸೋ ಹಾಗಿದ್ರೆ ಅದು ನಿಮ್ಮದಲ್ಲ." ಮಾತು ಚೆನ್ನಾಗಿತ್ತು, ಯಾರಿಗಾದರೂ ಅರ್ಥವಾಗುತ್ತಿತ್ತು. ಸಭೆಯ ಹೆಂಗಸರೆಲ್ಲ ಮನೆಗೆ ಹೋಗಿ ಟಿವಿ, ಫೋನು ಎಲ್ಲವನ್ನೂ ಜಗಲಿ ಪರೀಕ್ಷೆಗೆ ಹಚ್ಚಿದರು. ಧಾರಾವಾಹಿ ನೋಡುವುದನ್ನು ಯಾರೂ ಬಿಡಲಿಲ್ಲ, ಅದು ಬೇರೆ ಮಾತು. ಹಾಡು ಮಾತ್ರ ನಿಂತಿತು.

ಎಲ್ಲರಿಗಿಂತ ಹೆಚ್ಚು ಬಿಡಬೇಕಾಗಿ ಬಂದದ್ದು ನಮ್ಮಮ್ಮನಿಗೆ. ಯಾಕೆಂದರೆ ಉಳಿದವರು ಹಾಡು ಕೇಳುವವರು, ಅಮ್ಮ ಹೇಳುವವಳು. ನಮ್ಮ ಕಡೆ ಹಾಡುವುದು ಅನ್ನುವುದಿಲ್ಲ, ಪದ ಹೇಳುವುದು ಅನ್ನುತ್ತೇವೆ. ಮದುವೆ, ಸೀಮಂತ, ಹೆಣ್ಣು ಮೈನೆರೆದಾಗಿನ ಆರತಿ, ಯಾವುದೇ ಇರಲಿ, ಸೋಬಾನೆ ಹೇಳಲು ಸುತ್ತಿನ ಹಳ್ಳಿಗಳಿಂದ ಅಮ್ಮನಿಗೆ ಕರೆ ಬರುತ್ತಿತ್ತು. ಸತ್ತೇಗಾಲದಿಂದ ಒಮ್ಮೆ ಆಟೋ ಕಳಿಸಿದ್ದರು. ಅವಳ ದನಿ ಇಂಪಾಗಿತ್ತು ಅಂತ ನಾನು ಹೇಳಲಾರೆ, ಸ್ವಲ್ಪ ಒರಟೇ. ಆದರೆ ಪಾತ್ರೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಸಭೆ ಸೇರಿದ ಮೇಲೆ ಅವಳು ಒಂದೊಂದೇ ಕರೆಗೆ ಬರುವುದಿಲ್ಲ ಅಂದಳು, ಮತ್ತೆ ಬಂದ ಸತ್ತೇಗಾಲದ ಆಟೋವನ್ನೂ ವಾಪಸ್ ಕಳಿಸಿದಳು. ಪದಗಳಲ್ಲಿ ಮಾದಪ್ಪ ಬರುತ್ತಾನೆ, ಗೌರಮ್ಮ ಬರುತ್ತಾಳೆ, ಬಿಡಬೇಕಾದ್ದೇ ಅಂತ ಅವಳೇ ಒಪ್ಪಿಕೊಂಡಿದ್ದಳು. ಕರೆಯುತ್ತಿದ್ದ ಮನೆಯವರು ಮೊದಲು ಬೇಸರ ಮಾಡಿಕೊಂಡರು, ಆಮೇಲೆ ಮರೆತರು.

ಒಂದೇ ಒಂದು ಪದವನ್ನು ಅವಳು ಬಿಟ್ಟಿರಲಿಲ್ಲ, ಎತ್ತಿಟ್ಟುಕೊಂಡಿದ್ದಳು. ಅದು ಮಡಿಲಕ್ಕಿಯ ಪದ. ಮದುವೆಯಾದ ಮಗಳು ಗಂಡನ ಮನೆಗೆ ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊನೆ, ಬಳೆ ತುಂಬುತ್ತಾಳಲ್ಲ, ಆಗ ಒಂದೊಂದನ್ನು ಹಾಕುವಾಗಲೂ ಒಂದೊಂದು ನುಡಿ. ಅಕ್ಕಿಯ ನುಡಿ ಹೀಗಿತ್ತು:

ಸೆರಗೊಡ್ಡು ನನ್ನ ಮಗಳೇ, ಸೇರಕ್ಕಿ ಸುರಿತೀನಿ
ಹೊಸ್ಲಾಚೆ ಹೋದಾಗ ಹಸಿವೆಂದು ಅನಬ್ಯಾಡ

ಇಷ್ಟು ನನಗೆ ಗೊತ್ತು. ಚಿಕ್ಕವಳಾಗಿದ್ದಾಗ ಮದುವೆಮನೆಗಳಲ್ಲಿ ಅಮ್ಮನ ತೊಡೆಗೆ ಒರಗಿ ಕೂತಿರುತ್ತಿದ್ದೆ, ಬೆಲ್ಲದ ನುಡಿ ಬರುವಷ್ಟರಲ್ಲಿ ನಿದ್ದೆ ಹತ್ತುತ್ತಿತ್ತು. "ಇದ್ನ ನಿನ್ ಮದ್ವೆಲಿ ಪೂರ್ತಿ ಯೋಳ್ತೀನಿ, ಆಗ ಎದ್ದಿರು" ಅನ್ನುತ್ತಿದ್ದಳು.

ಯಳಂದೂರಿನ ಹುಡುಗನ ಜೊತೆ ನನ್ನ ಮದುವೆ ಗೊತ್ತಾಯಿತು. ಅವರೂ ವಿಶ್ವಾಸಿಗಳೇ. ಮದುವೆ ಸಭೆಯಲ್ಲಿ, ಮಡಿಲು ತುಂಬುವುದು ಮನೆಯಲ್ಲಿ. ಪದ ಹೇಳಲೇಬೇಕು ಅಂತ ನಾನು ಪಟ್ಟು ಹಿಡಿದೆ. ಅಮ್ಮನಿಗೂ ಆಸೆ, ಆದರೆ ಕದ್ದು ಮಾಡುವ ಜಾಯಮಾನ ಅವಳದಲ್ಲ. "ಅಯ್ಯನೋರ್ನ ಒಂದ್ ಮಾತು ಕೇಳ್ಬುಡಣ. ಅದ್ರಲ್ಲಿ ಯಾವ್ ದೇವ್ರು ಹೆಸ್ರೂ ಇಲ್ಲ, ಒಪ್ತಾರೆ" ಅಂದಳು.

ಅಯ್ಯನವರು ನಮ್ಮ ಮನೆಗೇ ಬಂದರು. ಕಾಫಿ ಕುಡಿದು, "ಹೇಳಿ ನೋಡೋಣಮ್ಮ" ಅಂತ ಫೋನನ್ನು ಚಾಪೆಯ ಮೇಲೆ ಇಟ್ಟು ರೆಕಾರ್ಡ್ ಹಾಕಿದರು. ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿ ಹೇಳಿದಳು, ಅಕ್ಕಿಯಿಂದ ಬಳೆಯವರೆಗೆ. ನಾನು ಒಳಗೆ ನೆಂಟರಿಗೆ ಉಪ್ಪಿಟ್ಟು ತಿರುವುತ್ತಿದ್ದೆ, ಹೇಗೂ ನನ್ನ ಮದುವೇಲಿ ಕೇಳ್ತೀನಲ್ಲ ಅಂದುಕೊಂಡು ಅರ್ಧಂಬರ್ಧ ಕೇಳಿದೆ. ಮುಗಿದಾಗ ಅಯ್ಯನವರು ತಮ್ಮ ಪರೀಕ್ಷೆಯನ್ನೇ ಕೇಳಿದರು, ಯೇಸುಸ್ವಾಮಿ ಬಂದು ಜಗಲಿ ಮೇಲೆ ಕೂತರೆ ಏನು ಮಾಡ್ತೀರಮ್ಮ ಅಂತ. ಅಮ್ಮ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ನಾನು ನಿಲ್ಸಾಕಿಲ್ಲ ಅಯ್ಯನೋರೆ. ಅವ್ರೂ ಒಬ್ಬ ತಾಯಿ ಎತ್ತ ಮಗ ತಾನೆ, ಕೂತ್ಕಂಡು ಕೇಳ್ಲಿ."

ಅವರು ನಕ್ಕರು. ಪ್ರಾರ್ಥನೆ ಮಾಡಿ ತಿಳಿಸುತ್ತೇನೆ ಅಂದು ಫೋನ್ ಜೇಬಿಗೆ ಹಾಕಿಕೊಂಡು ಹೋದರು. ಮದುವೆಯ ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಮ್ಮನನ್ನು ಪಕ್ಕಕ್ಕೆ ಕರೆದು ತೀರ್ಪು ಹೇಳಿದರು. "ಮಾತಲ್ಲಿ ತಪ್ಪಿಲ್ಲಮ್ಮ. ಆದರೆ ಆ ರಾಗ ಇದೆಯಲ್ಲ, ಅದು ಹಳೇ ಬದುಕಿಂದು. ರಾಗದ ಹಿಂದೆ ಹಳೇದೆಲ್ಲ ಮನೆಯೊಳಕ್ಕೆ ಬರುತ್ತೆ. ಅಕ್ಕಿ ಇರಲಿ, ಪದ ಬೇಡ."

ನಾನು ಕುಣಿದಾಡಿದೆ. ಅಕ್ಕಿಗಿಲ್ಲದ ಪಾಪ ಪದಕ್ಕೆ ಎಲ್ಲಿಂದ ಬಂತು, ಆ ಅಕ್ಕಿ ಬೆಳೆದ ಗದ್ದೆಯಲ್ಲಿ ನಾಟಿ ಹಾಕಿದವರು ಏನು ಯೇಸುವಿನ ಕೀರ್ತನೆ ಹೇಳಿಕೊಂಡು ಹಾಕಿದರೇ ಅಂತ ಕೂಗಾಡಿದೆ. ಅಮ್ಮ ಒಂದೇ ಮಾತು ಅಂದಳು: "ಜೀವ ಉಳ್ಸಿದ್ ಮನ್ಸ. ಅವ್ರ ಮಾತು ಮೀರಿ ನಿಂಗೇನಾರ ಆದ್ರೆ ನಾನೇನ್ ಮಾಡ್ಲಿ?" ಮದುವೆಯ ದಿನ ಅವಳು ನನ್ನ ಮಡಿಲು ತುಂಬಿದಳು, ಬಾಯಿ ಬಿಗಿ ಹಿಡಿದು. ಸುತ್ತ ನಿಂತ ಹೆಂಗಸರು ಪದಕ್ಕಾಗಿ ಕಾದು, ಬರದಿದ್ದಾಗ ಸುಮ್ಮನಾದರು. ಸೆರಗಿನೊಳಗೆ ಅಕ್ಕಿ ಬೀಳುವ ಸದ್ದಷ್ಟೇ ಕೇಳುತ್ತಿತ್ತು. ನನಗೆ ಹೊಟ್ಟೆ ಉರಿಯಿತು, ಆದರೂ ನಂಬಿದೆ. ದೇವರಿಗೆ ಬೇಡವಾದದ್ದು ನಮಗೂ ಬೇಡ ಅಂದುಕೊಂಡು ಯಳಂದೂರಿಗೆ ಹೋದೆ, ಅಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡೆ.

ಆಮೇಲೆ ಕೆಲವು ವರ್ಷ ಕಳೆದು, ಒಂದು ಕ್ರಿಸ್ಮಸ್ಸಿಗೆ ಅಮ್ಮನ ಮನೆಗೆ ಬಂದಿದ್ದೆ. ಸಭೆ ತುಂಬಿತ್ತು. ಹೊಸ ಕೀಬೋರ್ಡು, ಹೊಸ ಸ್ಪೀಕರು. ಅಯ್ಯನವರು ಮೈಕ್ ಹಿಡಿದು, "ಈ ವರ್ಷ ಪರಿಶುದ್ಧಾತ್ಮನು ನನಗೊಂದು ರಾಗ ಕೊಟ್ಟಿದ್ದಾನೆ. ಪ್ರಾರ್ಥನೆಯಲ್ಲಿ ಮೊಣಕಾಲೂರಿದ್ದಾಗ ಬಂತು" ಅಂದರು. ಎಲ್ಲರೂ ಸ್ತೋತ್ರ ಅಂದರು, ನಾನೂ ಅಂದೆ. ಗಾಯಕವೃಂದದ ಹುಡುಗಿಯರು ಶುರು ಮಾಡಿದರು.

ಕೈಯೊಡ್ಡು ನನ್ನ ಮನವೇ, ಕೃಪೆಯನ್ನು ಸುರಿವನು
ಯೇಸುವಿನ ಬಳಿಯಲ್ಲಿ ಕೊರತೆಯು ನಿನಗಿಲ್ಲ

ಮೊದಲ ಸಾಲಿಗೇ ಗುರುತು ಹತ್ತಿತು. ಅಮ್ಮನ ಪದ. ಅದೇ ಏರಿಳಿತ, 'ಮಗಳೇ' ಅಂತ ಅವಳು ಎಳೆಯುತ್ತಿದ್ದ ಜಾಗದಲ್ಲಿ ಅದೇ ಎಳೆತ. ತಪ್ಪಿಲ್ಲ ಅಂದಿದ್ದ ಮಾತನ್ನು ಕಿತ್ತು ಹಾಕಿದ್ದರು, ಪಾಪ ಅಂದಿದ್ದ ರಾಗವನ್ನು ಇಟ್ಟುಕೊಂಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಅಂತ ಊರಲ್ಲಿ ಅನ್ನುತ್ತಾರಲ್ಲ, ಇಲ್ಲಿ ಬೇಲಿ ಹೊಲ ಮೇಯ್ದದ್ದಲ್ಲದೆ ಹೊಲವೇ ತನ್ನದು ಅನ್ನುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದೆ. ಅಮ್ಮನ ಕೈ ನನ್ನ ಮಂಡಿಯನ್ನು ಹಿಡಿದುಕೊಂಡಿತ್ತು. ಅವಳು ಅಳುತ್ತಿರಲಿಲ್ಲ. ಸುತ್ತಲಿನವರು ಚಪ್ಪಾಳೆ ತಟ್ಟುವಾಗ ಅವಳೂ ಕೈ ಎತ್ತಿ ತಟ್ಟಿದಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಊಟದ ಸಾಲಿನಲ್ಲಿ ಅಯ್ಯನವರು ಬಡಿಸುತ್ತಾ ಬಂದರು. ನನ್ನ ಎಲೆಯ ಮುಂದೆ ಬಂದಾಗ ಕೇಳಿಯೇಬಿಟ್ಟೆ. "ಅಯ್ಯನೋರೆ, ಆ ರಾಗ ನಮ್ಮಮ್ಮಂದಲ್ವಾ?"

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ರಾಗಕ್ಕೆ ಯಾರಮ್ಮ ಯಜಮಾನರು? ಎಲ್ಲ ದೇವರದ್ದೇ. ಅದನ್ನ ಶುದ್ಧಿ ಮಾಡಿ ಅವನಿಗೇ ಒಪ್ಪಿಸಿದೀವಿ. ಅಮ್ಮಂಗೂ ಸಂತೋಷ ಆಗಬೇಕು."

"ಹಾಗಾದ್ರೆ ನನ್ನ ಮದುವೇಲಿ ಯಾಕೆ ಶುದ್ಧಿ ಮಾಡ್ಲಿಲ್ಲ? ಆತ್ಮ ಕೊಟ್ಟದ್ದು ಅಂದ್ರಲ್ಲ, ನಿಮ್ಮ ಫೋನು ಕೊಟ್ಟದ್ದು ಅಲ್ವಾ?"

"ಆಗ ನಿಮ್ಮ ನಂಬಿಕೆ ಇನ್ನೂ ಎಳೇದಿತ್ತಮ್ಮ" ಅಂದವರೇ ಮುಂದಿನ ಎಲೆಗೆ ಪಲ್ಯ ಹಾಕಿದರು. ನಾನು ಎದ್ದು ನಿಂತಿದ್ದೆ. ಅಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. "ಉಣ್ಣವ್ವ, ಅನ್ನ ಆರೋಯ್ತದೆ."

ಮನೆಗೆ ಬಂದ ಮೇಲೆ ಅವಳ ಮೇಲೂ ಹರಿಹಾಯ್ದೆ. ಕಿವಿಗೆ ಸೆರಗು ತುರುಕಿಕೊಂಡು ಓಡಾಡಿದ್ದು ಇದಕ್ಕಾ, ಸತ್ತೇಗಾಲದ ಆಟೋ ವಾಪಸ್ ಕಳಿಸಿದ್ದು ಇದಕ್ಕಾ ಅಂದೆ. ಅಮ್ಮ ಒಲೆಯ ಮುಂದೆ ಕೂತು ಬೆಂಕಿ ಕೆದಕಿದಳು. ಆಮೇಲೆ, "ನಂಗೂ ಒಟ್ಟೆ ಉರೀತು ಕಣವ್ವ. ಮೋಸ ಮಾಡ್ಬುಟ್ರು ಅನ್ನುಸ್ತು. ಆದ್ರೆ ಅಷ್ಟ್ ದಿನ ಆದ್ಮೇಲೆ ಅದು ಕಿವಿಗ್ ಬಿತ್ತಲ್ಲ, ಸತ್ತೋದೋಳು ಎದ್ ಬಂದಂಗಾಯ್ತು. ನಾನೇನ್ ಮಾಡ್ಲಿ?" ಅಂದಳು.

ನಾನು ಆ ಸಭೆಗೆ ಹೋಗುವುದನ್ನು ಬಿಟ್ಟೆ. ಅಮ್ಮ ಬಿಡಲಿಲ್ಲ. ಪ್ರತಿ ಭಾನುವಾರ ಆ ಹಾಡು ಇರುತ್ತಿತ್ತು, ಜನಕ್ಕೆ ಅಷ್ಟು ಹಿಡಿಸಿತ್ತು. ಯಾರೋ ಅದನ್ನು ಯೂಟ್ಯೂಬಿಗೂ ಹಾಕಿದರು, ಸಾಹಿತ್ಯ ಮತ್ತು ರಾಗ ಅಂತ ಅಯ್ಯನವರ ಹೆಸರಿನೊಂದಿಗೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಾರದೋ ಫೋನ್ ಆ ರಾಗದಲ್ಲಿ ಬಡಿದುಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಅದನ್ನು ಹಾಡುವವಳು ನಮ್ಮಮ್ಮ ಅಂತ ಪಕ್ಕದ ಮನೆಯವರು ಹೇಳಿದರು. ಪಾಪ, ಅವಳಿಗೆ ತನ್ನ ಪದ ಸಿಗುತ್ತಿದ್ದದ್ದು ಅಲ್ಲೊಂದೇ ಜಾಗದಲ್ಲಿ.

ಹೋದ ಬೇಸಿಗೆಯಲ್ಲಿ ಅಮ್ಮನ ಮನೆಗೆ ಹೋಗಿದ್ದೆ. ವಾಪಸ್ ಹೊರಟಾಗ ರೂಢಿಯಂತೆ ಮೊರದಲ್ಲಿ ಅಕ್ಕಿ, ಬೆಲ್ಲ ತಂದಳು. ತವರಿಂದ ಹೊರಡುವ ಹೆಣ್ಣುಮಕ್ಕಳ ಮಡಿಲು ಬರಿದಿರಬಾರದು. ಸೆರಗು ಒಡ್ಡಿದವಳು ಹೇಳಿದೆ, "ಇವತ್ತು ಪದ ಹೇಳಮ್ಮ. ನಿಜವಾದ್ದು. ರಾಗಕ್ಕೆ ಪಾಪ ಇಲ್ಲ ಅಂತ ಅವರೇ ಸಾಬೀತು ಮಾಡಿದಾರಲ್ಲ."

ಅಮ್ಮ ನಕ್ಕಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ಕಣ್ಣು ಮುಚ್ಚಿದಳು. ಸೆರಗೊಡ್ಡು ನನ್ನ ಮಗಳೇ, ಸೇರಕ್ಕಿ ಸುರಿತೀನಿ. ಆ ಒರಟು ದನಿ ಹಾಗೇ ಇತ್ತು, ಸ್ವಲ್ಪ ನಡುಗುತ್ತಿತ್ತು ಅಷ್ಟೆ. ಹೊಸ್ಲಾಚೆಯ ಸಾಲೂ ಬಂತು. ಬೆಲ್ಲದ ಅಚ್ಚನ್ನು ಕೈಗೆ ತೆಗೆದುಕೊಂಡು ಮುಂದಿನ ನುಡಿ ಎತ್ತಿದಳು, ಬಂದದ್ದು ಯೇಸುವಿನ ಬಳಿಯಲ್ಲಿ ಕೊರತೆಯು ನಿನಗಿಲ್ಲ.

ನಿಲ್ಲಿಸಿದಳು. ಮತ್ತೆ ಅಕ್ಕಿಯಿಂದ ಶುರು ಮಾಡಿದಳು. ಬೆಲ್ಲಕ್ಕೆ ಬಂದಾಗ ಮತ್ತೆ ಅಯ್ಯನವರ ಮಾತೇ ಬಂತು. ಮೂಲೆಯಲ್ಲಿ ಯಾರೋ ಕೂತು ಹೇಳಿಕೊಡುತ್ತಿದ್ದಾರೇನೋ ಅನ್ನುವಂತೆ ತಲೆ ಕೊಡವಿ ನೋಡಿದಳು. ಕೊಬ್ಬರಿಯಿಂದ ಹಿಡಿಯಲು ನೋಡಿದಳು, ಬಳೆಯಿಂದ ಹಿಂದಕ್ಕೆ ಬರಲು ನೋಡಿದಳು. ಎಲ್ಲಿಂದ ಹೊಕ್ಕರೂ ಕೃಪೆ, ಕೊರತೆ, ಆಶೀರ್ವಾದ. ಬೆಲ್ಲ ಅವಳ ಬೆವರಿಗೆ ಅಂಗೈಯಲ್ಲಿ ಅಂಟಿಕೊಂಡಿತ್ತು.

"ಬೆಲ್ಲದ್ದು ಎಂಗಿತ್ತವ್ವ?" ಅಂತ ನನ್ನನ್ನು ಕೇಳಿದಳು.

ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಅಕ್ಕಿಯ ನುಡಿ ಮಾತ್ರ. ಅವಳ ಜೊತೆ ಹೇಳುತ್ತಿದ್ದ ಹೆಂಗಸರಲ್ಲಿ ಈಗ ಉಳಿದವರಿಲ್ಲ. ಅಮ್ಮ ಬೆಲ್ಲವನ್ನು ಸುಮ್ಮನೆ ನನ್ನ ಸೆರಗಿಗೆ ಹಾಕಿದಳು, ಉಳಿದದ್ದನ್ನೂ ಹಾಕಿದಳು. "ಅಯ್ಯನೋರ್ ಫೋನಲ್ಲಿ ಇದ್ದದು, ಅವತ್ತು ಪೂರ್ತಿ ಯೋಳಿದ್ನಲ್ಲ. ಕೋಪ ಬುಟ್ಟು ಒಂದ್ ಸಲ ಕೇಳವ್ವ" ಅಂದಳು.

ಕೊಳ್ಳೇಗಾಲದಲ್ಲಿ ಇಳಿದು ಯಳಂದೂರಿನ ಬಸ್ಸಿಗೆ ಕಾಯುತ್ತಾ ಫೋನ್ ಮಾಡಿದೆ. ಅವರ ಜೊತೆ ಮಾತಾಡಬಾರದು ಅಂದುಕೊಂಡಿದ್ದವಳು ಅಮ್ಮನಿಗೋಸ್ಕರ ದನಿ ತಗ್ಗಿಸಿ ಕೇಳಿದೆ. ಅಯ್ಯನವರು ಪ್ರೀತಿಯಿಂದಲೇ ಮಾತಾಡಿದರು. "ಅದಾ? ರಾಗ ಹಿಡಿದ ಮೇಲೆ ಅಳಿಸಿಬಿಟ್ಟೆನಮ್ಮ. ಅಂಥ ಹಾಡನ್ನ ಫೋನಲ್ಲಿ ಇಟ್ಕೋಬಾರದಲ್ವಾ?"

ಏನಂದೆನೋ ನೆನಪಿಲ್ಲ. ಫೋನ್ ಇಟ್ಟ ಕೂಡಲೇ ಅಮ್ಮನದೇ ಬಂತು. "ಸಿಕ್ತಾ?" ಅಂದಳು.

"ಹುಡುಕ್ತಾವ್ರಂತೆ ಕಣಮ್ಮ" ಅಂದೆ.

ನನ್ನ ಸುಳ್ಳು ಅವಳಿಗೆ ಯಾವತ್ತು ಗೊತ್ತಾಗಿಲ್ಲ?

"ಇಲ್ಲ ಅನ್ನು ಮತ್ತೆ" ಅಂದಳು. "ಅವ್ರು ಬ್ಯಾಡ ಅಂದ್ರೂ ಅವತ್ತೇ ಯೋಳ್ಬುಡ್ಬೇಕಾಗಿತ್ತು ಕಣವ್ವ, ನಿನ್ ಮದ್ವೆಲಿ. ನೀನು ಎದ್ದಿದ್ದೆ."