ಹನ್ನೆರಡನೆಯ ಒಡಪು

ಹಾನಗಲ್ಲಿನ ಒಂದು ಕಾಲೇಜಿನವರು ‘ಸಾಹಿತ್ಯದಲ್ಲಿ ದಾಂಪತ್ಯ’ ಎಂಬ ವಿಷಯದ ಮೇಲೆ ಒಂದು ತಾಸು ಮಾತಾಡಬೇಕೆಂದು ಕೇಳಿದಾಗ, ನಾನು ವರದಿಗಾರನ ಅಭ್ಯಾಸದಂತೆ ಮೊದಲು ದಾಖಲೆ ಕೂಡಿಸಲು ಕುಳಿತೆ. ಮನೆಯಲ್ಲಿದ್ದ ಕಾದಂಬರಿಗಳಲ್ಲಿ ಇಪ್ಪತ್ತನ್ನು ಮೇಜಿನ ಮೇಲೆ ಪೇರಿಸಿ, ಪ್ರತಿಯೊಂದರಲ್ಲೂ ಮದುವೆ ಎಲ್ಲಿ ಬರುತ್ತದೆ ಎಂದು ಗುರುತು ಹಾಕುತ್ತ ಹೋದೆ. ಒಂಬತ್ತರಲ್ಲಿ ಅಕ್ಕಿಕಾಳು ಬೀಳುವುದಕ್ಕೂ ಕಥೆ ಮುಗಿಯುವುದಕ್ಕೂ ಸರಿಹೋಗಿತ್ತು. ಉಳಿದವುಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟ ಮೇಲೆ ಕಥೆ ಸುರುವಾಗುತ್ತಿತ್ತು. ನಡುವಿನ ಇಪ್ಪತ್ತು, ಮೂವತ್ತು ವರ್ಷಗಳ ವರದಿ ಎಲ್ಲೂ ಇರಲಿಲ್ಲ.

ಇದನ್ನು ಹೆಂಡತಿಗೆ ಹೇಳಿದೆ. ಆಕೆ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಇಪ್ಪತ್ತು ಪುಸ್ತಕದಾಗ ಒಬ್ಬಾಕಿನರ ರೊಟ್ಟಿ ಬಡದಾಳೇನ್ರಿ?”

“ಇಬ್ಬರು ಬಡದಾರ.”

“ಉಂಡವರು ಏನಂದ್ರು?”

ಅದನ್ನು ನಾನು ಗುರುತು ಹಾಕಿಕೊಂಡಿರಲಿಲ್ಲ.

“ಅದನ್ನ ಹೆಣ್ಮಕ್ಕಳು ಒಡಪಿನ್ಯಾಗ ಹೇಳ್ಯಾರ. ನಿಮಗ ಕೇಳಾಕ ಪುರುಸೊತ್ತಿಲ್ಲ” ಅಂದಳು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ತೊಟ್ಟಿಲ ಕಾರ್ಯದಲ್ಲಿ ಉಳಿದ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡುತ್ತಾರೆ. ಆಗ ಆಕೆ ಎರಡು ಮೂರು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಕೂಡಿಸಿ ಹೇಳಬೇಕು. ಅದೇ ಒಡಪು. ನಮ್ಮ ಮದುವೆಯಲ್ಲಿ ನನ್ನ ಹೆಂಡತಿಯೂ ಹೇಳಿದ್ದಳು. ಬ್ಯಾಂಡಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಆಮೇಲೆ ಮೂವತ್ತೊಂದು ವರ್ಷ ನಾನು ‘ಏನ್ರಿ’, ‘ಇಲ್ಲಿ ಕೇಳ್ರಿ’ ಆಗಿದ್ದೆ.

ಭಾಷಣವನ್ನು ಹೇಗೋ ಮುಗಿಸಿದೆ. ಆಕೆಯ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಆ ಚಳಿಗಾಲ ರಜೆ ಸಿಕ್ಕಾಗಲೆಲ್ಲ ಇಬ್ಬರೂ ಬಸ್ ಹತ್ತಿ ನಾಲ್ಕು ತಾಲೂಕು ತಿರುಗಿ ಒಡಪು ಕೂಡಿಸಿದೆವು. ಪರ ಗಂಡಸಿನ ಎದುರು ಯಾರೂ ಬಾಯಿ ಬಿಡುವುದಿಲ್ಲವಾದ್ದರಿಂದ ಆಕೆ ಒಳಗೆ ಹೋಗುತ್ತಿದ್ದಳು, ನಾನು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದೆ. ನನ್ನ ನೋಟ್‌ಬುಕ್ಕು ಆಕೆಯ ಕೈಯಲ್ಲಿರುತ್ತಿತ್ತು. ಒಂದೇ ಒಂದು ಷರತ್ತು ಹಾಕಿದ್ದೆ: ಗಂಡಂದಿರ ಹೆಸರು ಬರೆಯಬಾರದು, ಆ ಜಾಗದಲ್ಲಿ ಮೂರು ಚುಕ್ಕಿ ಇಡಬೇಕು.

“ಹೆಸರ ತಗದ್ರ ಒಡಪಿನ್ಯಾಗ ಏನ ಉಳೀತೇತ್ರಿ? ಅದನ್ನ ಹೇಳಾಕಂತನ ಕಟ್ಟಿರ್ತಾರ.”

“ಮನಿಯಾಗಿನ ಮಂದಿ ಹೆಸರು ಅಚ್ಚಿಗೆ ಹೋಗಬಾರದು.”

“ಆತ್ರಿ ಸಾಹೇಬ್ರ, ನಿಮ್ಮ ಕಾನೂನು” ಎಂದು ಚುಕ್ಕಿ ಇಟ್ಟಳು.

ಸವಣೂರಿನ ಸಂತೆಯಲ್ಲಿ ಎಲೆ ಮಾರುವಾಕೆ ಗಂಡನಿಗೆ ಕೇಳಲೆಂದೇ ಜೋರಾಗಿ ಹೇಳಿದಳಂತೆ. ಆತ ಪಕ್ಕದಲ್ಲಿ ತಲೆ ಎತ್ತದೆ ಎಲೆಗೆ ನೀರು ಚಿಮುಕಿಸುತ್ತ ನಗುತ್ತಿದ್ದನಂತೆ. ಹಿರೇಕೆರೂರಿನಲ್ಲಿ ಹೊಸ ಮದುಮಗಳು ಮೊಬೈಲ್ ನೋಡಿ ಓದಲು ಹೋಗಿ ಅತ್ತೆಯರ ಕೈಗೆ ಸಿಕ್ಕಿಬಿದ್ದಳು. “ಗಂಡನ್ನೂ ಅದ್ರಾಗ ಹುಡುಕಿದ್ಯೇನವಾ?” ಅಂದರಂತೆ. ಅಬಲೂರಿನಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಹೇಳಿದ್ದು ಇದು:

ಹೊಲಕ್ಕ ಬುತ್ತಿ ಒಯ್ದಾಗ ಉಪ್ಪ ಮರತಿದ್ದೆ ಸಾರಿಗೆ,
… ಅವರು ಉಂಡು ಸುಮ್ಮನಾದ್ರು, ಹೇಳಲಿಲ್ಲ ಯಾರಿಗೂ.

ಬಸ್ಸಿಗಾಗಿ ಕಾಯುತ್ತ ಅದನ್ನು ಮೂರು ಸಲ ಓದಿದೆ. ನನ್ನ ಇಪ್ಪತ್ತು ಕಾದಂಬರಿಗಳಲ್ಲಿ ಸಿಗದಿದ್ದ ವರದಿ ಎರಡು ಸಾಲಿನಲ್ಲಿತ್ತು. ಹಾಗೆಂದು ಹೇಳಿದಾಗ ಹೆಂಡತಿ, “ಉಂಡವರು ಏನಂದ್ರು ಅಂತ ನಾ ಕೇಳಿದ್ದೆ. ಗೊತ್ತಾತಿಲ್ಲೋ?” ಅಂದಳು.

ದುಂಡಸಿಯಲ್ಲಿ ನಾವು ಹೋದ ಮನೆಯಲ್ಲಿ ಅವತ್ತು ಕುಬಸವಿತ್ತು. ಒಳಗೆ ಹೆಂಗಸರು ತುಂಬಿದ್ದರು. ನಾನು ಕಟ್ಟೆಯ ಮೇಲೆ ಕೂತು, ಬರುವ ದಾರಿಯಲ್ಲಿ ನೋಡಿದ್ದ ಕುಸಿದ ಕೆರೆ ಏರಿಯ ಸುದ್ದಿಯನ್ನು ಫೋನಿನಲ್ಲಿ ಕಚೇರಿಗೆ ಬರೆಸುತ್ತಿದ್ದೆ. ನಡುವೆ ಒಳಗಿನಿಂದ ದೊಡ್ಡ ನಗು ಬಂತು. ಫೋನಿಗೆ ಅಡ್ಡಿಯಾಗುತ್ತದೆಂದು ನಾನು ಎದ್ದು ಬೇವಿನ ಮರದ ಕಡೆ ನಡೆದೆ. ಅದು ನನಗೆ ಸ್ಪಷ್ಟವಾಗಿ ನೆನಪಿದೆ.

ಶಿಗ್ಗಾವಿಯ ಬಸ್ಸಿನಲ್ಲಿ ಕೇಳಿದೆ, “ನೀನೂ ಹೇಳಿದ್ಯಾ?”

“ಹೇಳ್ದೆ. ಬಿಡಬೇಕಲ್ಲ ಅವರು.”

“ಏನಂತ?”

“ಮನಿ ಸುದ್ದಿ ಪೇಪರಿನ್ಯಾಗ ಬರಬಾರದು ಅಂತೀರಲ್ಲ, ಮತ್ಯಾಕ ಬೇಕು?” ಎಂದು ಕಿಟಕಿಯ ಕಡೆ ತಿರುಗಿದಳು.

ಅದು ನನ್ನದೇ ನಿಯಮ. ವರದಿಗಾರನ ಮನೆಯವರು ವರದಿಯಲ್ಲಿ ಬರಕೂಡದು. ನಾನು ನಕ್ಕೆ. ಒಮ್ಮೆ ಉತ್ತರ ತಪ್ಪಿಸಿಕೊಂಡ ಅಧಿಕಾರಿಯನ್ನು ಎರಡನೆಯ ಸಲ ಕೇಳದೆ ನಾನು ಎಂದೂ ಬಿಟ್ಟವನಲ್ಲ. ಆಕೆಯನ್ನು ಎರಡನೆಯ ಸಲ ಕೇಳಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಬೆಳಗ್ಗೆ ಎದೆನೋವು, ಹುಬ್ಬಳ್ಳಿಯ ದಾರಿ, ಅಷ್ಟೆ. ನಿಧನ ವಾರ್ತೆಯ ನಾಲ್ಕು ಸಾಲನ್ನು ನಾನೇ ಬರೆದುಕೊಟ್ಟೆ. ಮನೆಯವರ ಬಗ್ಗೆ ನಾನು ಪತ್ರಿಕೆಗೆ ಬರೆದದ್ದು ಅದೊಂದೇ.

ನೋಟ್‌ಬುಕ್ಕನ್ನು ಮತ್ತೆ ತೆರೆಯಲು ವರ್ಷದ ಮೇಲಾಯಿತು. ಕಾಲೇಜಿನವರು ಒಡಪುಗಳನ್ನು ಪುಸ್ತಕ ಮಾಡೋಣವೆಂದರು, ಅದಕ್ಕೆ ಟೈಪ್ ಮಾಡಲು ಕುಳಿತೆ. ದುಂಡಸಿಯ ಪುಟದಲ್ಲಿ ಆಕೆಯ ದುಂಡು ಅಕ್ಷರದಲ್ಲಿ ಹನ್ನೊಂದು ಒಡಪುಗಳಿದ್ದವು. ಕೆಳಗೆ ‘೧೨’ ಎಂದು ಬರೆದು, ಮುಂದೆ ಏನೂ ಬರೆಯದೆ ಬಿಟ್ಟಿದ್ದಳು.

ಮರುದಿನವೇ ದುಂಡಸಿಗೆ ಹೋದೆ.

ಆ ಮನೆಯ ಹಿರಿಯಾಕೆ ಪಡಸಾಲೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅಂದು ಕುಬಸ ಮಾಡಿಸಿಕೊಂಡಿದ್ದ ಸೊಸೆಯ ಕೂಸು ಈಗ ಪಡಸಾಲೆಯ ತುಂಬ ಓಡಾಡುತ್ತಿತ್ತು.

“ಬರ್ರಿ, ಕುಂದರ್ರಿ. ಅಕ್ಕಾರನ್ನ ಯಾಕ ಬಿಟ್ಟು ಬಂದ್ರಿ?”

ಹೇಳಿದೆ. ಆಕೆಯ ಕೈ ನಿಂತಿತು. ಸೊಸೆಗೆ ನೀರು ತರಲು ಹೇಳಿದಳು. ನಾನು ಕುಡಿದು ಚೊಂಬು ಕೆಳಗಿಟ್ಟೆ. ಆಮೇಲೆ ನೋಟ್‌ಬುಕ್ಕು ತೆಗೆದು ಖಾಲಿ ಜಾಗ ತೋರಿಸಿ, ಅಂದು ನನ್ನ ಹೆಂಡತಿ ಹೇಳಿದ್ದು ಯಾರಿಗಾದರೂ ನೆನಪಿದೆಯೇ ಎಂದು ಕೇಳಿದೆ.

“ಯಾರಿಗರ ಅಂದ್ರ? ನನಗ ಐತ್ರಿ. ಎರಡ ಸಲ ಹೇಳ್ಸಿದ್ವಿ ನಾವು ಆಕಿ ಕಡಿಂದ.”

ಕೈಗೆ ಹತ್ತಿದ ಖಾರವನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು:

ನಾಕ ತಾಲೂಕಿನ ಸುದ್ದಿ ಬರದಾರ ಊರೂರು ತಿರುಗಿ,
ಮನಿ ಸುದ್ದಿ ಬರದಿಲ್ಲಂತ ನಾ ಏನ ಕುಂತಿಲ್ಲ ಮರುಗಿ,
ಬಾಗಲಾ ತೆರದ ಕಾದೇನಿ, ಚಾದಾಗ ಸಕ್ಕರಿ ಕರಗಿ,
ಇನ್ನೇನ ಬರತಾರ

ಅಲ್ಲಿಗೆ ನಿಲ್ಲಿಸಿದಳು.

“ಮುಂದ?” ಅಂದೆ.

“ಮುಂದ ನಿಮ್ಮ ಹೆಸರು.”

“ಗೊತ್ತೈತಲ್ರಿ ನಿಮಗ. ಹೇಳ್ರಿ.”

“ಅಯ್ಯ ಯಪ್ಪಾ! ಮಂದಿ ಗಂಡನ ಹೆಸರ ಒಡಪಿನ್ಯಾಗ ನಾ ಹೆಂಗ ಹೇಳ್ಲಿ? ನಮ್ಮ ಮುದುಕ ಕೇಳಿದ್ರ ಈ ವಯಸ್ಸಿನ್ಯಾಗ ನನ್ನ ತವರಿಗೆ ಕಳಸ್ಯಾನು.” ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಮುದುಕಿ ಮೆತ್ತಗಾದಳು. “ಬ್ಯಾರೆ ಎಲ್ಲೆರ ಕರೀ ಅನ್ರಿ, ಹೆಸರ ಹಿಡದ ಕರೀತೇನಿ. ಅದ್ರಾಗ ಬ್ಯಾಡ. ಅದು ಆಕಿ ಹೇಳೂದು.”

ಉಳಿದಿದ್ದ ಪ್ರಶ್ನೆಯನ್ನು ಕೇಳಿದೆ. “ಆಕಿ ಹೆಂಗ ಹೇಳಿದ್ಲು?”

“ಮೊದಲನೇ ಸಲ ನಾಚಿ ಗಡಬಡ ಹೇಳಿಬಿಟ್ಲು. ಎರಡನೇ ಸಲಕ್ಕ ಸಾವಕಾಶ ಹೇಳಿದ್ಲು. ನೀವ ಕಟ್ಟಿ ಮ್ಯಾಲ ಅದೀರಂತ ಬಾಗಲಾ ಕಡೆ ನೋಡಿ, ಜೋರಾಗಿ. ನಾವೆಲ್ಲಾ ಹೋ ಅಂತ ನಕ್ಕಿವಿ. ನಿಮಗ ಕೇಳಿಸಿರಬೇಕಲ್ರಿ?”

ನಗು ಕೇಳಿಸಿತ್ತು ಎಂದೆ.

ಅಲ್ಲಿಯೇ ಕೂತು ‘೧೨’ರ ಮುಂದೆ ನಾಲ್ಕೂ ಸಾಲು ಬರೆದುಕೊಂಡೆ. ಕೊನೆಯಲ್ಲಿ ಮೂರು ಚುಕ್ಕಿ ಇಟ್ಟೆ. ನನ್ನ ಹೆಸರನ್ನು ನಾನೇ ಬರೆಯಬಹುದಿತ್ತು, ಕೈ ಬರಲಿಲ್ಲ. ಹೊರಟಾಗ ಮುದುಕಿ ಬಾಗಿಲವರೆಗೆ ಬಂದಳು.

“ಗಂಡಸರೂ ಹೇಳ್ತಾರಲ್ರಿ ಹೆಂಡ್ತಿ ಹೆಸರ ಹಾಕಿ. ಲಗ್ನದಾಗ ನೀವ ಹೇಳಿರಲಿಲ್ಲೇನು?”

ಹೇಳಿರಲಿಲ್ಲ. ಹೊಸಿಲಲ್ಲಿ ತಡೆದಾಗ ಬರೀ ಹೆಸರು ಹೇಳಿ, ಗೆಳೆಯರ ನಗುವಿಗೆ ಅಂಜಿ ಒಳಗೆ ನುಗ್ಗಿದ್ದೆ.

“ಹಂಗಾರ ಬಾಕಿ ಐತಿ ಅನ್ರಿ” ಅಂದಳು.

ಹಾನಗಲ್ಲಿನ ಮನೆ ಮುಟ್ಟುವವರೆಗೆ ಪ್ರಯತ್ನಿಸಿದೆ. ಬಸ್ಸಿನಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದೆ. ಪ್ರಾಸ ಕೂಡಿದರೆ ಆಕೆ ಅದರಲ್ಲಿರುತ್ತಿರಲಿಲ್ಲ, ಆಕೆ ಬಂದರೆ ಸಾಲು ಸುದ್ದಿಯಂತಾಗುತ್ತಿತ್ತು. ಟೈಪ್ ಮಾಡಿದ ಪ್ರತಿಯನ್ನು ಕಾಲೇಜಿಗೆ ಇನ್ನೂ ಕೊಟ್ಟಿಲ್ಲ. ಅವರು ಫೋನ್ ಮಾಡಿದಾಗಲೆಲ್ಲ ಸ್ವಲ್ಪ ಕೆಲಸ ಉಳಿದಿದೆ ಎನ್ನುತ್ತೇನೆ. ದುಂಡಸಿಯ ಪುಟದಲ್ಲಿ ಹನ್ನೆರಡರ ಕೆಳಗೆ, ಆಕೆಯ ದುಂಡು ಅಂಕಿಗಳ ಸಾಲಿನಲ್ಲಿಯೇ, ‘೧೩’ ಎಂದು ಬರೆದಿಟ್ಟಿದ್ದೇನೆ.