ಹೇಮಾವತಿಯ ಮರಳಿನ ಮೇಲೆ ಶೀತವಲಯ

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಎರಡನೇ ಮಹಾಯುದ್ಧದ ಕಾಲ. ಬಿ.ಎ. ಮುಗಿಸಿ ಹೊಳೆನರಸೀಪುರದ ಪ್ರೈಮರಿ ಶಾಲೆಗೆ ಮೇಷ್ಟರಾಗಿ ಸೇರಿದ್ದೆ. ಕಾಗದಕ್ಕೆ ಅಭಾವ, ಕೇಳಿದ್ದ ಭೂಪಟ ಬಂದೇ ಇರಲಿಲ್ಲ. ಹಾಸನದಿಂದ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು, "ಹೊಳೆಯಲ್ಲಿ ಇಷ್ಟು ಮರಳಿರುವಾಗ ಭೂಪಟ ಯಾಕ್ರೀ? ಮಕ್ಕಳನ್ನೇ ಭೂಗೋಳ ಮಾಡೋಣ," ಎಂದರು. ಮುಂಗಾರು ಶುರುವಾಗಿದೆ, ಸಕಲೇಶಪುರದ ಕಡೆ ಮಳೆ ಹಿಡಿದಿದೆ, ಹೊಳೆಗಿಳಿಯುವುದು ಬೇಡ ಎಂದೆ. ಅವರು ತಲೆಯೆತ್ತಿ ನೋಡಿದರು. ಒಂದು ತುಂಡು ಮೋಡವಿರಲಿಲ್ಲ.

"ಎಲ್ರೀ ನಿಮ್ಮ ಮಳೆ?" ಎಂದು ನಕ್ಕರು. ಹೆಡ್‌ಮೇಷ್ಟರೂ ನಕ್ಕರು, ನಗದೆ ಅವರಿಗೆ ಗತಿಯಿರಲಿಲ್ಲ.

ಇನ್‌ಸ್ಪೆಕ್ಟರು ಮಕ್ಕಳನ್ನು ಹೊಳೆಗಿಳಿಸಿ ಮರಳಿನಲ್ಲಿ ಕೋಲಿನಿಂದ ಗೆರೆ ಎಳೆಸಿದರು. ದಡದ ಬಳಿ ಉಷ್ಣವಲಯ, ಅದರಾಚೆ ಸಮಶೀತೋಷ್ಣ ವಲಯ, ಪಾದ ಮುಳುಗುವಷ್ಟು ಹರಿಯುತ್ತಿದ್ದ ನೀರನ್ನು ದಾಟಿದರೆ ಮರಳದಿಬ್ಬದ ಮೇಲೆ ಶೀತವಲಯ. ಅಲ್ಲಿ ಚಿಕ್ಕ ಮಕ್ಕಳನ್ನು ನಿಲ್ಲಿಸಿದರು. ಅವರಲ್ಲೊಬ್ಬಳು ರೈತರ ಮಗಳು. ಅವರ ಮನೆಯಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲನೆಯವಳು.

"ಲೇ, ನಿಂದು ಶೀತ ಕಣ್ಲಾ, ನಡುಗ್ಲಾ!" ಎಂದು ಈಚೆಯ ಹುಡುಗ ಕೂಗಿದ.

"ನೀನ್ ಬೇಯ್ತಾ ಇದ್ದೀಯ, ಬೆವ್ರು ಒರಸ್ಕಳ್ಲಾ!" ಎಂದು ಆಚೆಯವನು.

ಅಷ್ಟರಲ್ಲಿ ಆ ಹುಡುಗಿ, "ಸಾ, ನೀರು ಕೆಂಪಾಯ್ತಾ ಐತೆ ಸಾ. ಈಚೆಗೆ ಬರ್ಲಾ ಸಾ?" ಎಂದಳು.

"ಶೀತವಲಯದಲ್ಲಿ ನೀರಿರೋದಿಲ್ಲ, ಮಂಜುಗಡ್ಡೆ ಇರುತ್ತೆ. ನಾನು ಹೇಳೋವರೆಗೂ ಯಾರೂ ಅಲ್ಲಾಡಬಾರದು," ಎಂದರು ಇನ್‌ಸ್ಪೆಕ್ಟರು.

ಅಲ್ಲಾಡಲಿಲ್ಲ. ನನ್ನನ್ನು ಇಂದಿಗೂ ಸುಡುವುದು ಅದೇ. ಹೊಳೆದಂಡೆಯ ಮಕ್ಕಳು ಅವು, ಕೆಂಪು ನೀರೆಂದರೇನೆಂದು ಬಲ್ಲವು. ಆದರೂ ನಿಂತವು. ನೊರೆ ಬಂತು, ಕಸಕಡ್ಡಿ ಬಂತು, ಹಿಂದೆಯೇ ಹೊಳೆ ಬಂತು. "ಓಡ್ರೋ!" ಎಂದು ಕಿರುಚುತ್ತ ನೀರಿಗಿಳಿದೆ. ಉಳಿದವರು ಮೊಣಕಾಲು ನೀರಿನಲ್ಲಿ ಬಿದ್ದು ಎದ್ದು ದಾಟಿದರು. ಅವಳು ಮಾತ್ರ ಅಪ್ಪಣೆಗಾಗಿ ಇನ್‌ಸ್ಪೆಕ್ಟರ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ತಲುಪುವಾಗ ನನಗೆ ಸೊಂಟದವರೆಗೆ ನೀರು. ಅವಳ ಕಾಲಡಿಯ ಮರಳು ಕುಸಿಯಿತು. ಕೈಗೆ ಸಿಕ್ಕಿದ್ದು ಜಡೆ. ಅದನ್ನೇ ಹಿಡಿದು ದಡಕ್ಕೆ ಎಳೆದು ತಂದೆ. ಈಗಲೂ ಕಣ್ಣು ಮುಚ್ಚಿದರೆ ಆ ಜಡೆ ಕೈಯಿಂದ ಜಾರುತ್ತದೆ. ನಿಜದಲ್ಲಿ ಜಾರಲಿಲ್ಲ, ಗೊತ್ತು. ಆದರೂ ಜಾರುತ್ತದೆ.

"ಕಣ್ಣಿಲ್ಲವೇನ್ರೀ ನಿಮಗೆ? ಮಗು ಸಾಯುತ್ತಿತ್ತು!" ಎಂದು ಮಕ್ಕಳೆದುರೇ ಕೂಗಿದೆ.

ಅವರು ಬೂಟಿನ ಮರಳು ಕೊಡವುತ್ತ, "ಇಲ್ಲಿ ಮಳೆಯೇ ಬಂದಿಲ್ಲವಲ್ಲ," ಎಂದರು. ವಾಯುಗುಣದ ಪಾಠ ಪರೀಕ್ಷಿಸಲು ಬಂದವರು! ಮಲೆನಾಡಿನಲ್ಲಿ ಬಿದ್ದದ್ದು ಬಯಲಿಗೆ ಹರಿದು ಬರುತ್ತದೆ ಎಂಬುದು ಅವರ ಯಾವ ವಲಯದಲ್ಲೂ ಇರಲಿಲ್ಲ.

ಮೇಲಧಿಕಾರಿಗೆ ಅವಿಧೇಯತೆ ತೋರಿದೆನೆಂದು ನನ್ನನ್ನು ಅರಕಲಗೂಡಿಗೆ ವರ್ಗ ಮಾಡಿದರು. ಹೊರಡುವ ದಿನ ಹುಡುಗಿಯ ಅಪ್ಪ ಬಸ್ಸಿನ ಬಳಿ ಬಂದ. ಅವಳನ್ನು ಶಾಲೆ ಬಿಡಿಸಬೇಡಪ್ಪಾ ಎಂದು ಬೇಡಿಕೊಂಡೆ.

"ನೀವಿದ್ದಿದ್ರೆ ಕಳಿಸ್ತಿದ್ದೆ ಸಾ. ಜೀವ ಉಳಿಸ್ಕಳ್ಳಾಕೂ ಅಪ್ಪಣೆ ಕೇಳಾದ್ ಕಲ್ಸವ್ರೆ. ಇನ್ ಯಾರ್ನ ನಂಬ್ಕಂಡ್ ಕಳಿಸ್ಲಿ?"

ಅವಳ ಓದು ಅಲ್ಲಿಗೇ ನಿಂತಿತು. ಮರುವರ್ಷ ಅರಕಲಗೂಡಿನ ನನ್ನ ಕ್ಲಾಸಿಗೆ ತಪಾಸಣೆಗೆ ಬಂದವರೂ ಅವರೇ.